ಅಕ್ಕ ಹೇಳಿದ ಹಾಗೆ

ನಮ್ಮ ಹೊಲಿಗೆ ಅಂಗಡಿಯಲ್ಲಿ ಕತ್ತರಿ ನನ್ನದು, ಮಿಷನ್ ತಂಗಿಯದು. ನಾನು ಗುರುತು ಹಾಕಿ ಕತ್ತರಿಸಿ ಕೊಡಬೇಕು, ಅವಳು ತುಟಿಪಿಟಕ್ಕೆನ್ನದೆ ಹೊಲಿಯಬೇಕು. ಅಂಗಡಿಯಾಚೆಗೂ ಅಷ್ಟೇ. ಅವಳ ಚಪ್ಪಲಿಯಿಂದ ಹಿಡಿದು ಗಂಡನವರೆಗೆ ಎಲ್ಲ ನನ್ನ ಆಯ್ಕೆ. ಚಪ್ಪಲಿ ಬಾಳಿಕೆ ಬಂತು, ಗಂಡ ಬರಲಿಲ್ಲ. ಅದು ಬೇರೆ ಮಾತು.

ಅವಳ ಗರ್ಭಕೋಶದಲ್ಲಿ ಗಡ್ಡೆ ಕಂಡಾಗಲೂ ಆಪರೇಷನ್ ಮಾಡಿಸು ಅಂದವಳು ನಾನೇ. ಅದರಲ್ಲಿ ಯೋಚಿಸುವುದೇನೂ ಇರಲಿಲ್ಲ. ಗರ್ಭಕೋಶ ತೆಗೆದರು, ಗಾಯ ಮಾಯಿತು, ಪೀಡೆ ತೊಲಗಿತು ಅಂದುಕೊಂಡೆವು. ಆಮೇಲೆ ವರದಿ ಬಂತು: ಕ್ಯಾನ್ಸರ್, ಅದೂ ಅಪರೂಪದ್ದು.

ಡಾಕ್ಟರಮ್ಮ ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. "ಕಣ್ಣಿಗೆ ಕಾಣೋದೆಲ್ಲ ತೆಗೆದಿದೀವಿ. ಈಗ ರೇಡಿಯೇಷನ್ ಕೊಟ್ರೆ ಅದೇ ಜಾಗದಲ್ಲಿ ಮತ್ತೆ ಬರೋದು ಕಮ್ಮಿ ಆಗಬಹುದು. ಆಯಸ್ಸು ಹೆಚ್ಚುತ್ತೆ ಅಂತ ಹೇಳೋಕಾಗಲ್ಲ. ಕರುಳಿಗೆ, ಮೂತ್ರಕೋಶಕ್ಕೆ ತೊಂದ್ರೆ ಆಗಬಹುದು, ಕೆಲವರಿಗೆ ಅದು ಉಳಿದುಬಿಡುತ್ತೆ. ಈ ಕಾಯಿಲೆ ಬಂದವರೇ ಕಮ್ಮಿ, ಹಾಗಾಗಿ ಗಟ್ಟಿ ಉತ್ತರ ಯಾರ ಹತ್ರಾನೂ ಇಲ್ಲ. ನೀವೇ ಯೋಚ್ನೆ ಮಾಡಿ ಸೋಮವಾರ ಹೇಳಿ."

ನನಗೆ ಮೈಯೆಲ್ಲ ಉರಿದುಹೋಯಿತು. "ಅಲ್ರೀ, ಓದಿದವರು ನೀವು. ನಮ್ಮನ್ನ ಕೇಳಿದ್ರೆ? ನಿಮ್ಮ ತಂಗಿ ಆಗಿದ್ರೆ ಏನ್ ಮಾಡ್ತಿದ್ರಿ?"

ಅವರು ಸಿಟ್ಟಾಗಲಿಲ್ಲ. "ನಾನೂ ಹೀಗೇ ಒದ್ದಾಡ್ತಿದ್ದೆ," ಅಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ತಂಗಿ ಮಾತ್ರ ನಿರಾಳವಾಗಿ ನನ್ನ ಕಡೆ ಕೈ ತೋರಿಸಿದಳು. "ಅಕ್ಕ ಹೇಳಿದ ಹಾಗೆ."



ಆ ವಾರವಿಡೀ ತಲೆ ಕೆಟ್ಟು ಕೆರ ಹಿಡಿಯಿತು. ಬೆಳಿಗ್ಗೆ ಎದ್ದರೆ ಮಾಡಿಸೋಣ ಅನ್ನಿಸುತ್ತಿತ್ತು. ಮಧ್ಯಾಹ್ನ ಅವಳು ಅರ್ಧ ಊಟಕ್ಕೇ ತಟ್ಟೆ ಸರಿಸಿದರೆ, ಈ ಬಡಕಲು ಮೈ ಅದನ್ನೆಲ್ಲ ಎಲ್ಲಿ ತಡೆಯುತ್ತೆ, ಬೇಡವೇ ಬೇಡ ಅನ್ನಿಸುತ್ತಿತ್ತು. ಮಾಡಿಸಿ ಕರುಳು ಕೆಟ್ಟರೆ ನಾನೇ ಕಾರಣ. ಮಾಡಿಸದೆ ಮತ್ತೆ ಬಂದರೂ ನಾನೇ. ಬಂದ ಗಿರಾಕಿಗಳ ಮೇಲೆಲ್ಲ ಹರಿಹಾಯ್ದೆ. ತಂಗಿ ಒಂದು ಸಲವೂ ಏನು ತೀರ್ಮಾನ ಮಾಡಿದೆ ಎಂದು ಕೇಳಲಿಲ್ಲ. ಕೇಳಿದ್ದರೆ ರೇಗಿಯಾದರೂ ತಪ್ಪಿಸಿಕೊಳ್ಳುತ್ತಿದ್ದೆ.

ಸೋಮವಾರ ಕೋಟಿನ ಬಟ್ಟೆಯೊಂದನ್ನು ಮೇಜಿನ ಮೇಲೆ ಹರಡಿದೆ. ಗೆರೆ ಎಳೆದು ಒರೆಸಿದೆ, ಮತ್ತೆ ಎಳೆದೆ, ಮತ್ತೆ ಒರೆಸಿದೆ. ಕತ್ತರಿ ಎತ್ತಿಕೊಂಡೆ, ಕೆಳಗಿಟ್ಟೆ, ಮತ್ತೆ ಎತ್ತಿಕೊಂಡೆ.

"ನಂಗೆ ಗೊತ್ತಾಗ್ತಿಲ್ಲ ಕಣೇ," ಅಂದೆ. ಅವಳು ಹುಟ್ಟಿದಾಗಿನಿಂದ ಅವಳ ಮುಂದೆ ಆ ಮಾತು ಆಡಿದವಳಲ್ಲ ನಾನು. ಅಳು ಬಂದುಬಿಟ್ಟಿತು.

ತಂಗಿ ಹೊಟ್ಟೆಗೆ ಕೈ ಒತ್ತಿಕೊಂಡು ಎದ್ದು ಬಂದಳು. ನನ್ನ ಕೈಯಿಂದ ಕತ್ತರಿ ತೆಗೆದುಕೊಂಡಳು. "ಏಯ್, ಹಾಳು ಮಾಡ್ತೀಯ!" ಅಂದರೂ ಕೇಳದೆ ಕತ್ತರಿಸಿಯೇ ಬಿಟ್ಟಳು. ತೋಳಿನ ಹತ್ತಿರ ಸೊಟ್ಟಗೆ ಹೋಯಿತು.

"ಫೋನ್ ಮಾಡಕ್ಕಾ. ರೇಡಿಯೇಷನ್ ತಗೋತಾಳೆ ಅನ್ನು."

"ಅದೇ ಸರಿ ಅಂತ ನಿಂಗೆ ಹೇಗೆ ಗೊತ್ತಾಯ್ತು?"

"ನಂಗೂ ಗೊತ್ತಿಲ್ಲ. ಆದ್ರೆ ನಾಳೆ ಏನಾದ್ರೂ ಆದ್ರೆ, ಅಕ್ಕ ಹೇಳಿದ್ದಕ್ಕೆ ಹೀಗಾಯ್ತು ಅಂತ ನೀನು ಕೊರಗಬಾರ್ದು. ನಾನಿಲ್ದೇ ಹೋದ್ರೆ ನಿಂಗೆ ಸಮಾಧಾನ ಹೇಳೋರು ಯಾರಿದಾರೆ?"

ಕತ್ತರಿಯನ್ನು ಮೇಜಿನ ಮೇಲಿಟ್ಟು, ಆ ಸೊಟ್ಟ ತುಂಡನ್ನೇ ಎತ್ತಿಕೊಂಡು ಹೋಗಿ ಮಿಷನ್ ಮುಂದೆ ಕೂತಳು.

ನಾನು ಫೋನ್ ಮಾಡಿದೆ. ಡಾಕ್ಟರಮ್ಮ ಎತ್ತಿದರು. "ನನ್ನ ತಂಗಿ ಹೇಳಿದಾಳೆ..." ಅಂದೆ. ಅಷ್ಟರಲ್ಲಿ ಮಿಷನ್ ಸದ್ದು ಶುರುವಾಯಿತು, ನಾನು ಅತ್ತ ತಿರುಗಿ ಆ ಸೊಟ್ಟ ತುಂಡನ್ನೇ ನೋಡುತ್ತ ನಿಂತೆ. "ಹೇಳಿ, ಕೇಳಿಸ್ಕೊಳ್ತಿದೀನಿ," ಅನ್ನುತ್ತಲೇ ಇದ್ದರು ಅವರು.