ಕೆನ್ನೆಯ ಮೇಲಿನ ತಗ್ಗು

ಚಿತ್ರದ ಅಂಚಿಗೆಲ್ಲ ಬಿಳಿ ಬಳಿದು, ಹಿಂಬದಿಗೆ ಕೊಕ್ಕೆ ಹಾಕಿ ತಂತಿ ಬಿಗಿದು, ಇನ್ನೇನು ಬಟ್ಟೆ ಸುತ್ತಬೇಕು ಎನ್ನುವಾಗ ತಂಗಿ ತಟ್ಟನೆ ನಿಂತಳು. ಕ್ಯಾನ್ವಾಸಿನಲ್ಲಿ, ಅಕ್ಕನ ಎಡಗೆನ್ನೆಯ ಮೇಲೆ, ಒಂದು ತಗ್ಗು. ಬೆರಳಗಲದ್ದೇ, ಆದರೆ ಕಿಟಕಿಯ ಬೆಳಕಿಗೆ ಹಿಡಿದರೆ ಮೊದಲು ಕಾಣುವುದೇ ಅದು.

ಪ್ರದರ್ಶನದವರು ಚಿತ್ರ ತೆಗೆದುಕೊಳ್ಳುವುದು ಇವತ್ತು ಸಂಜೆಯವರೆಗೆ ಮಾತ್ರ. ಆಮೇಲೆ ತೀರ್ಪುಗಾರರು ಕುಳಿತು ಇದು ಇರಲಿ, ಅದು ಹೋಗಲಿ ಎನ್ನುತ್ತಾರೆ. ಹಾಳಾದ ಕ್ಯಾನ್ವಾಸಾದರೆ ಅವರವರೆಗೂ ಹೋಗುವುದಿಲ್ಲ, ಬಾಗಿಲಲ್ಲೇ ವಾಪಸ್ಸು. ಅಕ್ಕನನ್ನು ತಿಂಗಳುಗಟ್ಟಲೆ ಎದುರಿಗೆ ಕೂರಿಸಿಕೊಂಡು ತಂಗಿ ಬಿಡಿಸಿದ ಚಿತ್ರ ಅದು. ಚಿಕ್ಕಂದಿನಲ್ಲಿ ಬಿಸಿ ಎಣ್ಣೆ ಸಿಡಿದು ಸುಟ್ಟ ಆ ಕೆನ್ನೆಯನ್ನು ಒಂದು ಫೋಟೋದಲ್ಲೂ ಕಾಣಗೊಡದವಳು, ತಂಗಿ ಕೇಳಿದಳೆಂದು ಹ್ಞೂಂ ಅಂದಿದ್ದಳು.

"ಯಾರು ಮುಟ್ಟಿದ್ದು ಇದನ್ನ?"

ಅಕ್ಕ ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡಳು. ಮನೆಯಲ್ಲಿದ್ದವರೇ ಇಬ್ಬರು, ಪತ್ತೇದಾರಿಕೆಯ ಅಗತ್ಯವೇನೂ ಇರಲಿಲ್ಲ.

ತಂಗಿ ಹಲ್ಲು ಕಚ್ಚಿಕೊಂಡು ಚಿತ್ರವನ್ನು ತಿರುಗಿಸಿ ನಿಲ್ಲಿಸಿದಳು. ಬೆಚ್ಚನೆಯ ನೀರಲ್ಲಿ ಅದ್ದಿ ಹಿಂಡಿದ ಸ್ಪಂಜನ್ನು ತಗ್ಗಿನ ಹಿಂಬದಿಗೆ ಮೆಲ್ಲಗೆ ಒತ್ತಿದಳು. ನೆನೆದ ಕ್ಯಾನ್ವಾಸು ಒಣಗುತ್ತ ಬಿಗಿದುಕೊಂಡರೆ ತಗ್ಗು ತಾನೇ ಎದ್ದೀತು. ನೀರು ಹೆಚ್ಚಾದರೆ ಬಣ್ಣವೇ ಬಿರುಕು ಬಿಟ್ಟೀತು. ಕೋಪ ನೆತ್ತಿಗೇರಿತ್ತು, ಕೈ ಮಾತ್ರ ಹಗುರಾಗಿರಬೇಕಿತ್ತು.

"ಕಳಿಸೋದು ಇಷ್ಟ ಇಲ್ದಿದ್ರೆ ಬಾಯಿಬಿಟ್ಟು ಹೇಳ್ಬಾರ್ದಿತ್ತಾ?"

"ಹಾಳು ಮಾಡೋಕೆ ಒತ್ತಿದ್ದಲ್ಲ ಕಣೇ," ಅಂದಳು ಅಕ್ಕ. "ಕನ್ನಡೀಲೂ ನಾನು ಆ ಕೆನ್ನೆ ನೋಡ್ಕೊಳ್ಳಲ್ಲ. ನೀನು ಬಿಡಿಸಿದ್ದು ನೋಡ್ತಾ ನೋಡ್ತಾ ಮುಟ್ಬೇಕು ಅನ್ನಿಸ್ತು. ಬೆರಳು ಜೋರಾಗಿ ಊರಿಬಿಡ್ತು." ಆಮೇಲೆ ಕೇಳಿದಳು: "ಅವ್ರು ಬೇಡ ಅಂದ್ರೆ, ಬೇಡ ಅಂದಿದ್ದು ನಿನ್ನ ಚಿತ್ರಾನಾ, ನನ್ನ ಮುಖಾನಾ?"

ತಂಗಿ ಸ್ಪಂಜು ಕೆಳಗಿಟ್ಟಳು. ಇಷ್ಟು ದಿನ ಬೆಳಕು, ನೆರಳು, ಬಣ್ಣ ಎಂದು ತಲೆಕೆಡಿಸಿಕೊಂಡವಳಿಗೆ ಇದೊಂದು ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು.

ತಗ್ಗು ಎದ್ದಿತು. ಬಸ್ಸಿನಲ್ಲಿ ಇಬ್ಬರೂ ಚಿತ್ರವನ್ನು ತೊಡೆಯ ಮೇಲೆ ಅಡ್ಡ ಹಿಡಿದು ಕುಳಿತರು.

ಪ್ರದರ್ಶನದ ಗುಮಾಸ್ತ ಬಾಗಿಲು ಹಾಕುವ ತವಕದಲ್ಲಿದ್ದ. ಮೇಜಿನ ದೀಪವನ್ನು ಕ್ಯಾನ್ವಾಸಿಗೆ ಓರೆಯಾಗಿ ಹಿಡಿದು ಹಣೆಯಿಂದ ಕೆಳಗೆ ನೋಡುತ್ತ ಬಂದ. ಕೆನ್ನೆಯ ಹತ್ತಿರ ದೀಪ ನಿಂತಿತು.

"ಇಲ್ಲೇನೋ ಹಾಳಾಗಿದೆಯಲ್ಲ ಮೇಡಂ. ಬಣ್ಣ ಸುಕ್ಕುಗಟ್ಟಿದೆ. ಇದನ್ನ ತಗೊಳಕ್ಕಾಗಲ್ಲ."

ಅವನು ತೋರಿಸಿದ್ದು ತಗ್ಗನ್ನಲ್ಲ, ಅವಳು ಬಿಡಿಸಿದ್ದ ಸುಟ್ಟ ಕಲೆಯನ್ನು. ಹೌದು, ಹಾಳಾಗಿದೆ, ವಾಪಸ್ ಕೊಡಿ ಎಂದು ಚಿತ್ರ ಕಿತ್ತುಕೊಂಡು ಹೋಗಿಬಿಡೋಣ ಅನ್ನಿಸಿತು ತಂಗಿಗೆ. ಅವಳು ಕೈ ಚಾಚುವಷ್ಟರಲ್ಲಿ ಅಕ್ಕ ಮುಂದೆ ಬಂದು, ದೀಪಕ್ಕೆ ಎಡಗೆನ್ನೆ ಕೊಟ್ಟು ನಿಂತಳು.

"ಹಾಳಾಗಿಲ್ಲ ಸ್ವಾಮಿ, ಇರೋದೇ ಹೀಗೆ. ಬೇಕಾದ್ರೆ ಪಕ್ಕದಲ್ಲಿಟ್ಟು ನೋಡಿ."

ಗುಮಾಸ್ತ ಎರಡನ್ನೂ ನೋಡಿದ. ದೀಪ ಕೆಳಗಿಟ್ಟು, ಚಿತ್ರದ ಹಿಂದೆ ನಂಬರಿನ ಚೀಟಿ ಅಂಟಿಸಿದ.

"ಇನ್ನು ಬೇಡ ಅಂದ್ರೆ ಅದು ನಿನ್ನ ಚಿತ್ರಾನೇ, ತಿಳ್ಕೋ," ಅಂದಳು ಅಕ್ಕ ಮೆಟ್ಟಿಲಿಳಿಯುತ್ತ. ದನಿ ಗಟ್ಟಿಯಾಗಿಯೇ ಇತ್ತು. ತಂಗಿಯ ಕೈಯನ್ನು ಮಾತ್ರ ಬಸ್ ನಿಲ್ದಾಣದವರೆಗೂ ಬಿಡಲಿಲ್ಲ.