ಅಕ್ಷರವಿಲ್ಲದ ಪುಸ್ತಕವೂ ದೇವಕಮ್ಮನ ಸಿಟ್ಟೂ

ಸೈದಾಪುರದ ಹತ್ತಿರದ ಒಂದು ಊರಲ್ಲಿ ದೇವಕಮ್ಮನಿಗೆ ಒಂದೇ ಚಿಂತೆ. ಮೊಮ್ಮಗಳು ಪಂಚಶೀಲಾ ಬರುವ ವರ್ಷ ಶಾಲೆಗೆ ಹೋಗಬೇಕು, ಹುಡುಗಿ ನೋಡಿದರೆ ಬಾಯಿಯೇ ಬಿಡುತ್ತಿಲ್ಲ. ಸೊಸೆ ಮೋನಮ್ಮ ಕಡೇಚೂರಿನ ಕಡೆ ಫ್ಯಾಕ್ಟರಿ ಕೆಲಸಕ್ಕೆ ಸೇರಿದ ಮೇಲೆ ಮಗುವಿನ ಮಾತು ನಿಂತೇ ಹೋಗಿತ್ತು. ಹಸಿವಾದರೆ ಹೊಟ್ಟೆ ತೋರಿಸುವುದು, ನಿದ್ದೆ ಬಂದರೆ ಸೆರಗು ಎಳೆಯುವುದು. ಉಳಿದ ಹೊತ್ತೆಲ್ಲ ಮೊಬೈಲು. ಅದನ್ನು ಕಸಿದುಕೊಂಡಾಗ ಮಾತ್ರ ಹುಡುಗಿಯ ಗಂಟಲು ಗಟ್ಟಿಯಾಗಿದೆ ಎಂದು ಇಡೀ ಓಣಿಗೆ ಗೊತ್ತಾಗುತ್ತಿತ್ತು.

ಇಂಥದ್ದರಲ್ಲಿ ಅಂಗನವಾಡಿಯಿಂದ ಮಗು ಒಂದು ಪುಸ್ತಕ ತಂದಿತು. ದೇವಕಮ್ಮ ಓದು ಕಲಿತವಳಲ್ಲ. ಆದರೆ ಅಕ್ಷರ ಎಲ್ಲಿದೆ, ಎಲ್ಲಿಲ್ಲ ಎಂದು ತಿಳಿಯದಷ್ಟು ದಡ್ಡಿಯೂ ಅಲ್ಲ. ಹಾಳೆ ತಿರುವಿದಳು. ಒಂದು ಆಡಿನ ಮರಿ, ಒಂದು ರಸ್ತೆ, ಒಂದು ಸಂತೆ. ಕೊನೆತನಕ ಬರೀ ಚಿತ್ರ. ಅವಳ ಮೈ ಉರಿದುಹೋಯಿತು. ತನ್ನ ಕಾಲದಲ್ಲಿ ಅಕ್ಷರವನ್ನು ಈ ಓಣಿಯ ಹತ್ತಿರ ಯಾರೂ ಬಿಡಲಿಲ್ಲ, ಈಗ ಮೊಮ್ಮಗಳಿಗೂ ಖಾಲಿ ಪುಸ್ತಕ ಕೊಟ್ಟು ಸಾಗಹಾಕಿದ್ದಾರೆ ಎಂದುಕೊಂಡಳು. ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ನೇರ ಅಂಗನವಾಡಿಗೆ ನಡೆದಳು.

ಟೀಚರ್ ಖಾಸಿಂಬೀ ಮಕ್ಕಳ ಕೈ ತೊಳೆಸುತ್ತಿದ್ದಳು. ದೇವಕಮ್ಮನ ನಡಿಗೆ ನೋಡಿಯೇ ಇವತ್ತು ತನ್ನ ಗ್ರಹಚಾರ ನೆಟ್ಟಗಿಲ್ಲ ಎಂದು ತಿಳಿದಳು.

“ಮನ್ಯಾಗ ಬಾಬಾಸಾಹೇಬರ ಫೋಟೋ ಅದ,” ಎಂದಳು ದೇವಕಮ್ಮ. “ಕೈಯಾಗ ಪುಸ್ತಕ ಹಿಡ್ಕೊಂಡು ನಿಂತಾರ. ಅದ್ರಾಗೂ ಬರೇ ಆಡಿನ ಚಿತ್ರ ಅದಾವೇನು? ಮ್ಯಾಲಿನ ಓಣಿಗಿ ಅಕ್ಷರ ಕೊಟ್ಟು ನಮ್ಮ ಪೋರಿಗಿ ಉಳದಿದ್ದು ಕೊಟ್ಟೀಯೇನು?”

ಖಾಸಿಂಬೀ ನಗಲಿಲ್ಲ. ಆ ಸಿಟ್ಟು ಎಲ್ಲಿಂದ ಬಂದದ್ದೆಂದು ಅವಳಿಗೆ ಗೊತ್ತಿತ್ತು. ಕಪಾಟು ತೆರೆದು ಉಳಿದ ಪುಸ್ತಕಗಳನ್ನೂ ತೋರಿಸಿದಳು. ಎಲ್ಲ ಓಣಿಯ ಮಕ್ಕಳಿಗೂ ಇಂಥವೇ, ಇದು ಅಚ್ಚು ತಪ್ಪಿದ್ದಲ್ಲ, ಬೇಕೆಂದೇ ಹೀಗೆ ಮಾಡಿದ್ದು ಎಂದು ಪಕ್ಕ ಕೂರಿಸಿಕೊಂಡು ತಿಳಿಸಿದಳು. ಅಕ್ಷರ ಶಾಲೆಯಲ್ಲಿ ಬಂದೇ ಬರುತ್ತದೆ. ಅದಕ್ಕೆ ಮೊದಲು ಮಗುವಿನ ಬಾಯಲ್ಲಿ ಮಾತು ಬೇಕು, ತಲೆಯಲ್ಲಿ ಕಥೆ ಬೇಕು. ಚಿತ್ರ ನೋಡಿ ಮುಂದೇನಾಯಿತೆಂದು ತಾನೇ ಊಹಿಸುವ ಮಗುವಿಗೆ ಎರಡೂ ಬೆಳೆಯುತ್ತವೆ.

“ನನಗ ಓದಾಕ ಬರಲ್ಲ. ಏನಂತ ಹೇಳಿಕೊಡ್ಲಿ?”

“ನೀ ಹೇಳಿಕೊಡಬ್ಯಾಡ, ದೇವಕ್ಕ. ಆಕಿನೇ ಹೇಳ್ತಾಳ. ‘ಇಲ್ಲಿ ಏನಾಗ್ಯಾದ, ಮುಂದೇನಾಯ್ತು’ ಅಂತ ಕೇಳಿ ಸುಮ್ನ ಕೂಡು. ತಪ್ಪು ಅನ್ನಬ್ಯಾಡ. ಇವತ್ತೊಂದು ಕತಿ, ನಾಳಿಗೊಂದು ಕತಿ ಹೇಳಿದ್ರ ಎರಡೂ ಖರೇ.”

ದೇವಕಮ್ಮ ಅರೆಮನಸ್ಸಿನಿಂದ ವಾಪಸು ಬಂದಳು. ಸಂಜೆ ರೊಟ್ಟಿ ಬಡಿದು ಮುಗಿಸಿ ಪುಸ್ತಕ ಬಿಚ್ಚಿ ಕೇಳಿದಳು. ಮಗು ತುಟಿ ಬಿಚ್ಚಲಿಲ್ಲ. ಮರುದಿನವೂ ಅಷ್ಟೇ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು ಎಂದು ಗೊಣಗುತ್ತಲೇ ಮುದುಕಿ ದಿನಾ ಕೂತಳು. ಒಂದು ಸಂಜೆ ಪಂಚಶೀಲಾ ಆಡಿನ ಮರಿಯ ಮೇಲೆ ಬೆರಳಿಟ್ಟಳು.

“ಇದರ ಅವ್ವ ಫ್ಯಾಕ್ಟರಿಗಿ ಹೋಗ್ಯಾಳ,” ಎಂದಳು. ಆಮೇಲೆ ತಡೆದು, ಅಜ್ಜಿಯ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. “ಆಯಿ, ಹೂಂ ಅನ್ನು.”

ಕಥೆ ಹೇಳುವವರಿಗೆ ಕೇಳುವವರು ಹೂಂಗುಟ್ಟಬೇಕು, ಇಲ್ಲದಿದ್ದರೆ ಕಥೆ ಅಲ್ಲಿಗೇ ನಿಲ್ಲಬೇಕು. ಇದು ನಮ್ಮ ಕಡೆಯ ಹಳೇ ಕಟ್ಟಳೆ. ಮೊಬೈಲಿಗೆ ಯಾರ ಹೂಂ ಕೂಡ ಬೇಕಿರಲಿಲ್ಲ. ದೇವಕಮ್ಮ ಹೂಂ ಎಂದಳು.

“ಮರಿ ಅಳಾಕತ್ತಿಲ್ಲ. ಬಸ್ಸಿನ ದಾರಿ ನೋಡಾಕತ್ತಾದ. ಅಳಬ್ಯಾಡಂತ ಅದರ ಆಯಿ ಹೇಳ್ಯಾಳ.”

ಬೆಳಿಗ್ಗೆ ಮೋನಮ್ಮ ಹೊರಟಾಗಲೆಲ್ಲ ಅಳಬೇಡ ಎಂದು ಮಗುವಿನ ಬಾಯಿಗೆ ಕೈ ಅಡ್ಡ ಹಿಡಿದವಳು ದೇವಕಮ್ಮನೇ. ಅಳುವಿನ ಜೊತೆ ಮಾತನ್ನೂ ಮಗು ನುಂಗಿಕೊಂಡಿತ್ತೆಂದು ಅವಳಿಗೆ ಆಗ ತಿಳಿಯಿತು.

ರಜೆಯ ದಿನ ಮಗು ಪುಸ್ತಕ ಒಯ್ದು ತಾಯಿಯ ತೊಡೆಯ ಮೇಲೆ ಹಾಕಿತು. ಸಂತೆಯ ಚಿತ್ರ ಬಂದಾಗ, ಮರಿಯ ಅವ್ವ ಬಸ್ಸಿಳಿದು ಬಂದಳು ಎಂದಿತು. ಆ ಚಿತ್ರದಲ್ಲಿ ಬಸ್ಸೇ ಇರಲಿಲ್ಲ. ಮೋನಮ್ಮ ಮಗಳನ್ನು ಅಪ್ಪಿಕೊಂಡು ಅತ್ತಳು. ಆಮೇಲೆ ತಾನು ಎಲ್ಲಿಗೆ ಹೋಗುತ್ತೇನೆ, ಏನು ಕೆಲಸ ಮಾಡುತ್ತೇನೆ, ಸಂಜೆ ಯಾವ ಬಸ್ಸಿಗೆ ಬರುತ್ತೇನೆ ಎಂದು ಮೊದಲ ಸಲ ಬಿಡಿಸಿ ಹೇಳಿದಳು. ಮಗು ಪ್ರಶ್ನೆ ಕೇಳಿ ಕೇಳಿ ಅವಳ ತಲೆ ತಿಂದಿತು.

ಮರುದಿನ ದೇವಕಮ್ಮ ಮತ್ತೆ ಅಂಗನವಾಡಿಗೆ ಹೋದಳು. ಟೀಚರ್ ಮತ್ತೆ ಬೈಗುಳಕ್ಕೆ ಸಿದ್ಧಳಾಗಿದ್ದಳು.

“ನಿನ್ನ ಹೊಟ್ಟಿ ತಣ್ಣಗಿರ್ಲಿ, ಖಾಸಿಂಬೀ,” ಎಂದಳು ದೇವಕಮ್ಮ. “ಅದ್ರಾಗ ಅಕ್ಷರ ಇದ್ದಿದ್ರ ನಾ ಬಾಜೂಕ ಸರದು ಕೂಡ್ತಿದ್ದೆ. ಇಲ್ಲದ್ದಕ್ಕ ನನಗೂ ಜಾಗ ಸಿಕ್ತು. ಇನ್ನೊಂದು ಪುಸ್ತಕ ಕೊಡು.”

ಅಕ್ಕಂದಿರೇ, ಅಣ್ಣಂದಿರೇ, ಇಂಥ ಪುಸ್ತಕ ಇದೆಯೇ ಎಂದು ನಿಮ್ಮೂರ ಅಂಗನವಾಡಿಯಲ್ಲೋ ಪಂಚಾಯಿತಿ ಗ್ರಂಥಾಲಯದಲ್ಲೋ ಕೇಳಿ ನೋಡಿ. ನಿಮಗೆ ಓದು ಬರಲಿ, ಬಿಡಲಿ, ದಿನಾ ಒಂದಿಷ್ಟು ಹೊತ್ತು ಮಗುವಿನ ಪಕ್ಕ ಕೂಡಿ. ಹಾಳೆ ಮಗುವೇ ತಿರುವಲಿ. ಕನ್ನಡವೋ ಉರ್ದುವೋ ತೆಲುಗೋ ಲಂಬಾಣಿಯೋ, ಮನೆಮಾತಿನಲ್ಲೇ ಹೇಳಲಿ. ಮಗು ತನ್ನ ಮನಸ್ಸಿನದ್ದನ್ನು ಹೇಳತೊಡಗಿದಾಗ ಮಾತ್ರ ದಯವಿಟ್ಟು ಎದ್ದು ಹೋಗಬೇಡಿ.