ಬಾಯಿ ಬಿಟ್ಟವರಿಗೆ ಮದ್ದು

"ಕೂಲಿಯವರ ಮಕ್ಕಳಿಗೆ ಚರ್ಮ ದಪ್ಪ ಕಣ್ರೀ ಸಿಸ್ಟರ್. ನೋಡಿ, ಎದೆಗೆ ಉಕ್ಕಿನ ಪಟ್ಟಿ ಹಾಕಿ ಎರಡು ದಿನ ಆಗಿಲ್ಲ, ಎಮ್ಮೆ ಹಾಗೆ ತೆಪ್ಪಗೆ ಮಲಗಿದ್ದಾಳೆ!"

ದೊಡ್ಡ ಡಾಕ್ಟರು ಹೀಗೆಂದು ನಕ್ಕಾಗ ಮಂಚದ ಬುಡದಲ್ಲಿ ಕೂತಿದ್ದ ತಾಯಿಯೂ ಅಭ್ಯಾಸಬಲದಿಂದ ಹಲ್ಲು ಕಿರಿದಳು. ಮಗಳಿಗೆ ಹುಟ್ಟಿನಿಂದಲೇ ಎದೆಯ ಗೂಡು ಒಳಕ್ಕೆ ಕುಸಿದಿತ್ತು. ಈಗ ಆಪರೇಷನ್ ಮಾಡಿ, ಒಳಗೆ ಉಕ್ಕಿನ ಪಟ್ಟಿ ಕೊಟ್ಟು ಎತ್ತಿದ್ದರು. ನರ್ಸು ನಗುವ, ಅಳುವ ಮುಖಗಳನ್ನು ಬರೆದ ಹಲಗೆ ಹಿಡಿದು, "ಎಷ್ಟು ನೋವು, ತೋರಿಸು ಪುಟ್ಟಿ" ಎಂದಳು. ಹುಡುಗಿ ನಗುವ ಮುಖದ ಮೇಲೆ ಬೆರಳಿಟ್ಟಳು.

"ಆಯ್ತಲ್ಲ. ನೋವಿನ ಇಂಜೆಕ್ಷನ್ ನಿಲ್ಲಿಸಿ, ಮಾತ್ರೆ ಸಾಕು," ಎಂದರು ಡಾಕ್ಟರು. "ಸ್ಪೆಷಲ್ ರೂಮಿನ ಹುಡುಗ ಸೂರು ಹಾರಿಹೋಗೋ ಹಾಗೆ ಅರಚ್ತಿದ್ದಾನೆ, ಅವನನ್ನ ನೋಡಿ."

"ಸ್ವಾಮಿ, ಅವಳು ಅಳಲ್ಲ, ನಾನೇ ಹಾಗೆ ಬೆಳೆಸಿದ್ದು. ಆದ್ರೆ ನೋಯ್ತದೆ. ಉಸಿರೇ ಪೂರ್ತಿ ಎಳೀತಿಲ್ಲ, ಕೆಮ್ಮೋದೂ ಇಲ್ಲ. ಕೆಮ್ಮದಿದ್ರೆ ಕಫ ಕಟ್ಟಿ ಜೀವಕ್ಕೇ ಅಪಾಯ ಅಂತ ನಿಮ್ಮೋರೇ ಹೇಳಿದ್ರಲ್ಲ..."

"ನೆಲ ಒರೆಸೋಳು ನನಗೆ ಪಾಠ ಹೇಳ್ತೀಯೇನೇ? ಬಿದ್ದಿರು ಸುಮ್ನೆ!"

ಡಾಕ್ಟರು ಹೊರಟರು. ತಾಯಿಗೆ ತನ್ನ ಮೇಲೇ ಉರಿದುಹೋಯಿತು. ಕೆಲಸದ ಮನೆಗಳಲ್ಲಿ ಕೂಸನ್ನು ಮೆಟ್ಟಿಲ ಕೆಳಗೆ ಮಲಗಿಸಿ, ಕುಂಯ್ ಎಂದರೆ ಸಾಕು, ಬಾಯಿಗೆ ಸೆರಗು ಒತ್ತುತ್ತಿದ್ದಳು. ಅಳು ಯಜಮಾನತಿಯ ಕಿವಿಗೆ ಬಿದ್ದರೆ ಕೆಲಸಕ್ಕೆ ಕತ್ತರಿ. ಹುಡುಗಿ ಪಾಠವನ್ನು ಚೆನ್ನಾಗಿಯೇ ಕಲಿತಿದ್ದಳು.

"ಕಿರುಚೇ," ಎಂದಳು ತಾಯಿ.

"ಬೈತಾರಮ್ಮ."

"ಬೈಲಿ, ಅವರಪ್ಪನ ಗಂಟೇನು ಹೋಗ್ತದೆ? ಕಿರುಚು."

"ಅಯ್ಯೋ," ಎಂದಳು ಹುಡುಗಿ, ಮೆಲ್ಲಗೆ.

ಪಕ್ಕದ ಮಂಚದ ಬಳಿ ಕುಕ್ಕರಗಾಲಲ್ಲಿ ಕೂತಿದ್ದ ಮೂಟೆ ಹೊರುವವನು ನಕ್ಕೇಬಿಟ್ಟ. ಅವನ ಮಗನಿಗೂ ಅದೇ ಆಪರೇಷನ್, ಅದೇ ಬರೀ ಮಾತ್ರೆ. ಹುಡುಗ ತುಟಿ ಕಚ್ಚಿಕೊಂಡು ಗೋಡೆ ನೋಡುತ್ತ ಮಲಗಿದ್ದ. "ಏನಕ್ಕ, ಇದೂ ಒಂದು ಅಳುವಾ? ಬಸ್ಸಲ್ಲಿ ಟಿಕೆಟ್ ಕೇಳಿದ ಹಾಗಿದೆ."

"ತಡಿಯಣ್ಣ, ನಾನೇ ಶುರು ಮಾಡ್ತೀನಿ," ಎಂದು ತಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಾಯಿ ತೆರೆದಳು. ಇಷ್ಟು ವರ್ಷ ನುಂಗಿದ್ದೆಲ್ಲ ಒಟ್ಟಿಗೇ ಹೊರಬಂತು. ಬಾಗಿಲಲ್ಲಿದ್ದ ಆಯಾ ಬಕೆಟ್ಟು ಕೆಳಗೆ ಬಿಟ್ಟಳು. ಮಗಳೂ ಧೈರ್ಯ ತಂದುಕೊಂಡು ದನಿಗೂಡಿಸಿದಳು. ಅವಳದು ನಿಜವಾದ ನೋವಿನ ಕೂಗು. ಕೇಳಿ ತಾಯಿ ಮಗಳ ಕೈ ಹಿಡಿದುಕೊಂಡಳು. ಕೂಗು ಮಾತ್ರ ನಿಲ್ಲಿಸಲಿಲ್ಲ.

ಡಾಕ್ಟರು ಓಡಿಬಂದರು. "ಮುಚ್ಚೇ ಬಾಯಿ! ಇದೇನು ಆಸ್ಪತ್ರೆನಾ, ಸಂತೆನಾ?"

"ಮದ್ದು ಹಾಕು, ಮುಚ್ತೀನಿ! ಆ ಸ್ಪೆಷಲ್ ರೂಮಿನ ಹುಡುಗನಿಗೆ ಒಂದು ನ್ಯಾಯ, ನನ್ನ ಮಗಳಿಗೆ ಒಂದು ನ್ಯಾಯ ಏನೋ, ಹಾಳಾದವನೇ?"

"ಥೂ, ದರಿದ್ರ ಜನ! ಹಾಕ್ರೀ ಸಿಸ್ಟರ್, ಕಿವಿ ಹರಿದುಹೋಗ್ತಿದೆ."

ನರ್ಸು ಆಗಲೇ ಸಿರಿಂಜು ಹಿಡಿದು ನಿಂತಿದ್ದಳು. ಮದ್ದು ಇಳಿಯುತ್ತ ಬಂದ ಹಾಗೆ ಹುಡುಗಿಯ ಹಣೆಯ ಗಂಟು ಸಡಿಲವಾಯಿತು. ದಿಂಬನ್ನು ಎದೆಗೆ ಅವಚಿಕೊಂಡು ಕೆಮ್ಮಿದಳು, ತುಂಬ ಉಸಿರೆಳೆದುಕೊಂಡು ಕಣ್ಣು ಮುಚ್ಚಿದಳು. ತಾಯಿ ಅವಳ ಕೂದಲು ನೇವರಿಸಿ ಎದ್ದು ನಿಂತು, ಮತ್ತೆ ಕಿರುಚತೊಡಗಿದಳು.

ಬಾಗಿಲು ದಾಟುತ್ತಿದ್ದ ಡಾಕ್ಟರು ಹಿಂತಿರುಗಿದರು. "ಇನ್ನೇನೇ ನಿನ್ನ ಗೋಳು? ಮಗಳಿಗೆ ಹಾಕಿದ್ದಾಯ್ತಲ್ಲ!"

"ಇದು ಅವಳದಲ್ಲ," ಎಂದಳು ತಾಯಿ. ಮೂಟೆ ಹೊರುವವನ ಮಗನತ್ತ ಕೈ ತೋರಿಸಿ, ಬಾಯಿ ಇನ್ನೂ ದೊಡ್ಡದಾಗಿ ತೆರೆದಳು.